ಊರಿನ ಪಾರ್ಕಿನಲ್ಲಿ ಆರ್‌ವಿ ನಿಲ್ಲಿಸುವವರಿಗೆ

ಅಮೆರಿಕದ ನಡುನಾಡಿನಲ್ಲಿ, ಕ್ಯಾನ್ಸಸ್, ನೆಬ್ರಾಸ್ಕ, ಸೌತ್ ಡಕೋಟ ಕಡೆ, ಎರಡು ಮೂರು ಸಾವಿರ ಜನರ ಊರಿಗೂ ತನ್ನದೊಂದು ಸಿಟಿ ಪಾರ್ಕ್ ಇರುತ್ತದೆ. ಮರಗಳ ನೆರಳು, ಮಕ್ಕಳ ಉಯ್ಯಾಲೆ, ಬೇಸ್‌ಬಾಲ್ ಮೈದಾನ, ಈಜುಕೊಳ. ಎಷ್ಟೋ ಕಡೆ ಅದರ ಒಂದು ಅಂಚಿನಲ್ಲಿ ಕರೆಂಟ್ ಪೆಟ್ಟಿಗೆಗಳ ಸಾಲೊಂದು ಕಾಣುತ್ತದೆ. ದಾರಿಹೋಕರ ಆರ್‌ವಿಗಳಿಗೆಂದು, ಅಂದರೆ ಒಳಗೇ ವಾಸಿಸಬಹುದಾದ ಗಾಡಿಗಳಿಗೆಂದು, ಊರಿನವರೇ ಮಾಡಿಟ್ಟ ಜಾಗ ಅದು. ಖಾಸಗಿ ಪಾರ್ಕುಗಳು ರಾತ್ರಿಗೆ 60, 80 ಡಾಲರ್ ಕೇಳುವ ಈ ಕಾಲದಲ್ಲಿ ಇಂಥ ಸಣ್ಣ ಊರುಗಳಲ್ಲಿ 15ರಿಂದ 30 ಡಾಲರಿಗೆ ಕರೆಂಟು, ನೀರು ಎರಡೂ ಸಿಕ್ಕಿವೆ. ಮೊದಲ ರಾತ್ರಿಗೆ ದುಡ್ಡೇ ಬೇಡವೆನ್ನುವ ಊರುಗಳೂ ಇವೆ. ಬೇಸಿಗೆ ಬಂತೆಂದರೆ ನಾವು ಮನೆಯವರೆಲ್ಲ ಟ್ರೇಲರ್ ಕಟ್ಟಿಕೊಂಡು ಈ ಸೀಮೆಗೆ ಹೊರಡುತ್ತೇವೆ. ರಾಯಚೂರಿನಿಂದ ಅಪ್ಪ ಅಮ್ಮ ಬಂದ ವರ್ಷ ಅವರೂ ಜೊತೆಗಿರುತ್ತಾರೆ. ಹೊಸದಾಗಿ ಹೊರಡುವ ಕನ್ನಡದ ಕುಟುಂಬಗಳಿಗೆ ಹೇಳಬೇಕೆನಿಸಿದ ಕೆಲವು ಮಾತುಗಳು ಇಲ್ಲಿವೆ.

1. ಈ ಜಾಗ ಯಾಕಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ

1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಬಂದಮೇಲೆ ಸಾಧಾರಣ ಜನರ ಕೈಗೂ ಕಾರು ಬಂತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಜನ ಕಾರಿಗೆ ಡೇರೆ ಕಟ್ಟಿಕೊಂಡು ದೇಶ ಸುತ್ತತೊಡಗಿದರು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವೇ ಹುಟ್ಟಿತು. ಹೀಗೆ ಸುತ್ತುವವರು ಎಲ್ಲೆಂದರಲ್ಲಿ, ರೈತರ ಹೊಲದಂಚಿನಲ್ಲೂ, ಬಿಡಾರ ಹೂಡುತ್ತಿದ್ದರು. ಅದನ್ನು ಕಂಡ ಊರುಗಳು ತಾವೇ ಒಂದು ಪಾರ್ಕನ್ನು ಬಿಟ್ಟುಕೊಟ್ಟವು. ಇಲ್ಲಿ ತಂಗಿ, ನಮ್ಮ ಮೇನ್ ಸ್ಟ್ರೀಟಿನ ಅಂಗಡಿಗಳಲ್ಲಿ ಸಾಮಾನು ಕೊಳ್ಳಿ ಎಂಬುದು ಆಗಿನ ಲೆಕ್ಕಾಚಾರ. 1920ರ ದಶಕದ ನಡುವಿನ ಹೊತ್ತಿಗೆ ಅನೇಕ ಊರುಗಳು ಸಣ್ಣ ಶುಲ್ಕ ಹಾಕಿದವು. ಪಕ್ಕದಲ್ಲೇ ಖಾಸಗಿ ಕ್ಯಾಬಿನ್‌ಗಳು, ಆಮೇಲೆ ಮೋಟೆಲ್‌ಗಳು ಬಂದವು. ಆದರೂ ಆ ಹಳೆಯ ಒಪ್ಪಂದ ಸಣ್ಣ ಊರುಗಳಲ್ಲಿ ಇಂದಿಗೂ ಉಳಿದಿದೆ. ನಾವು ಕೊಡುವ ಬಾಡಿಗೆಯಲ್ಲಿ ಊರಿಗೆ ಲಾಭವೇನೂ ಹೆಚ್ಚಿಲ್ಲ. ಡೀಸೆಲ್, ಹಾಲು, ತರಕಾರಿ, ಒಂದು ಹೊತ್ತಿನ ಊಟ ಅದೇ ಊರಿನಲ್ಲಿ ಆದರೆ ಮಾತ್ರ ಅವರ ಲೆಕ್ಕ ಸರಿಹೋಗುತ್ತದೆ. ಆದ್ದರಿಂದ ನಗರದ ದೊಡ್ಡ ಮಳಿಗೆಯಿಂದ ಎಲ್ಲವನ್ನೂ ತುಂಬಿಕೊಂಡು ಹೋಗಬೇಡಿ. ಬೇಳೆ, ಮಸಾಲೆ, ಅಕ್ಕಿ ಮಾತ್ರ ಮನೆಯಿಂದ ಸಾಕು.

2. ಫೋನ್ ಮಾಡಬೇಕಾದ್ದು ಸಿಟಿ ಹಾಲಿಗೆ

ಬುಕಿಂಗ್ ಆ್ಯಪ್‌ಗಳಲ್ಲಿ ಇವು ಕಾಣುವುದು ಕಡಿಮೆ. ವಾರದ ದಿನ, ಕಚೇರಿಯ ವೇಳೆಯಲ್ಲಿ ಸಿಟಿ ಹಾಲಿಗೆ ಕರೆಮಾಡಿ. ನಾಲ್ಕು ಪ್ರಶ್ನೆ ತಪ್ಪದೆ ಕೇಳಿ: 30 ಆಂಪ್ ಇದೆಯೋ 50 ಇದೆಯೋ, ನೀರು ಸೈಟಿನಲ್ಲೇ ಇದೆಯೋ, ಎಷ್ಟು ರಾತ್ರಿ ಇರಬಹುದು, ಆ ವಾರ ಊರಿನಲ್ಲಿ ಏನಾದರೂ ವಿಶೇಷವಿದೆಯೋ. ಜುಲೈ, ಆಗಸ್ಟಿನ ಕೌಂಟಿ ಫೇರ್, ಅಂದರೆ ಜಿಲ್ಲೆಯ ಜಾತ್ರೆ, ಇದ್ದರೆ ಪಾರ್ಕು ಪೂರ್ತಿ ಊರಿನವರದ್ದೇ. ಜೂನ್‌ನಲ್ಲಿ ಗೋಧಿ ಕೊಯ್ಲಿನ ತಂಡಗಳೂ ಬಂದಿರುತ್ತವೆ. ಅವರು ಕಂಬೈನ್ ಯಂತ್ರಗಳನ್ನು ಲಾರಿಯ ಮೇಲೇರಿಸಿಕೊಂಡು, ಪೈರು ಮಾಗಿದಂತೆ ಟೆಕ್ಸಸ್‌ನಿಂದ ಉತ್ತರಕ್ಕೆ ಡಕೋಟಗಳವರೆಗೂ ಸಾಗುವ ಕೂಲಿ ಕೊಯ್ಲುಗಾರರು. ತಮ್ಮ ಟ್ರೇಲರ್‌ಗಳಲ್ಲೇ ಸಂಸಾರ. ಅಂಥವರಿಗೆ ಸೈಟು ಬಿಟ್ಟುಕೊಟ್ಟು ಇಪ್ಪತ್ತು ಮೈಲಿ ಮುಂದೆ ಹೋಗುವುದರಲ್ಲಿ ನನಗೆ ಯಾವ ಬೇಸರವೂ ಇಲ್ಲ. ನಮ್ಮದು ಪ್ರವಾಸ, ಅವರದು ಹೊಟ್ಟೆಪಾಡು.

3. ದುಡ್ಡು ಲಕೋಟೆಯಲ್ಲಿ

ಬಹಳಷ್ಟು ಕಡೆ ವಸೂಲಿಗೆ ಯಾರೂ ಕೂತಿರುವುದಿಲ್ಲ. ಗೇಟಿನ ಬಳಿ ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ಲಕೋಟೆಗಳು. ಸೈಟ್ ನಂಬರ್, ಗಾಡಿಯ ನಂಬರ್, ರಾತ್ರಿಗಳ ಲೆಕ್ಕ ಬರೆದು ದುಡ್ಡಿಟ್ಟು ಹಾಕಬೇಕು. ಹರಿದುಕೊಂಡ ಚೀಟಿಯನ್ನು ಕಿಟಕಿಗೆ ಸಿಕ್ಕಿಸಬೇಕು. ಚಿಲ್ಲರೆ ಕೊಡುವವರಿಲ್ಲ, ಆದ್ದರಿಂದ ಐದು ಹತ್ತರ ನೋಟುಗಳು ಜೊತೆಗಿರಲಿ. ಗಾಡಿ ನಿಲ್ಲಿಸಿದೊಡನೆ, ಜ್ಯಾಕ್ ಇಳಿಸುವ ಮುಂಚೆಯೇ, ಈ ಕೆಲಸ ಮುಗಿಸಿ. ಸಂಜೆ ಊರಿನ ಪೊಲೀಸ್ ಗಾಡಿ ಒಂದು ಸುತ್ತು ಬರುತ್ತದೆ. ಅದನ್ನು ಕಂಡು ಅಮ್ಮ ಮೊದಮೊದಲು ಗಾಬರಿಯಾಗುತ್ತಿದ್ದರು. ಈಗ ಅವರೇ ಕೈಬೀಸುತ್ತಾರೆ. ಆ ಗಾಡಿ ಬರುವುದರಿಂದಲೇ ವಯಸ್ಸಾದವರು, ಮಕ್ಕಳು ಇಲ್ಲಿ ನಿಶ್ಚಿಂತೆಯಿಂದ ಮಲಗಬಹುದು.

4. ಮೂವತ್ತು ಆಂಪಿನಲ್ಲಿ ನಮ್ಮ ಅಡುಗೆ

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಹಳೆಯ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಇರುವುದು 30 ಆಂಪಿನ ಪ್ಲಗ್. 120 ವೋಲ್ಟಿಗೆ 30 ಆಂಪ್ ಎಂದರೆ ಒಟ್ಟು 3,600 ವ್ಯಾಟ್. ಚಾವಣಿಯ ಎ.ಸಿ. ಒಂದಕ್ಕೇ 13ರಿಂದ 15 ಆಂಪ್ ಬೇಕು. 1,800 ವ್ಯಾಟಿನ ಇಂಡಕ್ಷನ್ ಒಲೆ ಇನ್ನೊಂದು 15 ನುಂಗುತ್ತದೆ. ಇಷ್ಟರ ಮೇಲೆ ಚಟ್ನಿಗೆ ಮಿಕ್ಸಿ ಹಾಕಿದರೆ ಬ್ರೇಕರ್ ಬೀಳುವುದು ಖಂಡಿತ. ನಮ್ಮ ಕ್ರಮ ಹೀಗೆ: ಬೆಳಗಿನ ತಂಪಿನಲ್ಲಿ ಎ.ಸಿ. ನಿಲ್ಲಿಸಿ ಅನ್ನ, ಸಾರು, ರುಬ್ಬುವ ಕೆಲಸ ಎಲ್ಲ ಮುಗಿಸುವುದು. ರೊಟ್ಟಿ, ದೋಸೆ ಹೊರಗೆ ಪಿಕ್‌ನಿಕ್ ಮೇಜಿನ ಮೇಲೆ ಗ್ಯಾಸ್ ಒಲೆಯಲ್ಲಿ. ಒಗ್ಗರಣೆಯೂ ಹೊರಗೇ, ಒಳಗೆ ಹಾಕಿದರೆ ಹೊಗೆಯ ಅಲಾರಂ ಕೂಗಿಕೊಳ್ಳುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಜುಲೈ ಸಂಜೆ ಎಲ್ಲ ಸೈಟಿನಲ್ಲೂ ಎ.ಸಿ. ಓಡುವಾಗ ಹಳೆಯ ವೈರಿಂಗ್‌ನಲ್ಲಿ ವೋಲ್ಟೇಜ್ ಕುಸಿಯುತ್ತದೆ. 105ಕ್ಕಿಂತ ಕೆಳಗಿಳಿದರೆ ಕಂಪ್ರೆಸರ್ ಸುಡುವ ಭಯ. ವೋಲ್ಟೇಜ್ ತೀರ ಬಿದ್ದಾಗ ತಾನೇ ಕರೆಂಟ್ ಕಡಿಯುವ ಸಾಧನವೊಂದು ಸಿಗುತ್ತದೆ, ಬೆಲೆ ಜಾಸ್ತಿ. ಕೊಂಡುಬಿಡಿ.

5. ಕೊಳೆ ನೀರು ಹೋಗುವುದು ಊರಾಚೆಯ ಕೊಳಗಳಿಗೆ

ಸೈಟಿನಲ್ಲೇ ಒಳಚರಂಡಿ ಸಂಪರ್ಕ ಇರುವುದು ಅಪರೂಪ. ಪಾರ್ಕಿಗೆಲ್ಲ ಸೇರಿ ಟ್ಯಾಂಕ್ ಖಾಲಿಮಾಡುವ ಒಂದು ಡಂಪ್ ಸ್ಟೇಷನ್. ಶೌಚದ ಟ್ಯಾಂಕನ್ನು ಮೊದಲು ಖಾಲಿಮಾಡಿ, ಅಡುಗೆಮನೆ ಬಚ್ಚಲಿನ ಟ್ಯಾಂಕನ್ನು ಆಮೇಲೆ ಬಿಡಿ. ಹಿಂದೆ ಬರುವ ಸೋಪಿನ ನೀರು ಪೈಪನ್ನು ತೊಳೆಯುತ್ತದೆ. ಅಲ್ಲಿರುವ ತೊಳೆಯುವ ನಲ್ಲಿಗೆ ಕುಡಿಯುವ ನೀರಿನ ಪೈಪನ್ನು ಎಂದಿಗೂ ಹಾಕಬಾರದು.

ಇಂಥ ಎಷ್ಟೋ ಊರುಗಳಲ್ಲಿ ದೊಡ್ಡ ಶುದ್ಧೀಕರಣ ಘಟಕವಿಲ್ಲ. ಊರಾಚೆ ತೋಡಿದ ತೆರೆದ ಕೊಳಗಳಲ್ಲಿ ಬಿಸಿಲು, ಗಾಳಿ, ಬ್ಯಾಕ್ಟೀರಿಯಾಗಳೇ ಕೊಳೆಯನ್ನು ಕರಗಿಸಬೇಕು. ಟ್ಯಾಂಕಿಗೆ ಹಾಕುವ ಕೆಲವು ವಾಸನೆ ಔಷಧಿಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ಆ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ. ಡಬ್ಬಿಯ ಮೇಲಿನ ಚೀಟಿ ಓದಿ, ಎನ್‌ಜೈಮ್ ಇರುವಂಥದ್ದನ್ನೇ ಕೊಳ್ಳಿ. ನಮ್ಮ ಅಡುಗೆಯ ಎಣ್ಣೆ, ಸಾಸಿವೆ, ಕರಿಬೇವು, ಹುಣಸೆಚರಟ ಎಲ್ಲವೂ ಸಿಂಕಿಗೆ ವೈರಿಗಳು. ತಟ್ಟೆಯನ್ನು ಕಾಗದದಿಂದ ಒರೆಸಿ ಆಮೇಲೆ ತೊಳೆಯಬೇಕು. ಪಾತ್ರೆ ತೊಳೆದ ನೀರನ್ನು ಹುಲ್ಲಿನ ಮೇಲೆ ಚೆಲ್ಲುವಂತಿಲ್ಲ. ಊರಿಂದ ಬಂದ ಹಿರಿಯರಿಗೆ ಇದನ್ನು ಮೊದಲ ದಿನವೇ ಸಮಾಧಾನದಿಂದ ತಿಳಿಸಿ.

6. ನೀವು ಯಾವ ಕೌಂಟಿಯಲ್ಲಿದ್ದೀರಿ?

ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಹವಾಮಾನ ರೇಡಿಯೊ ಸುಂಟರಗಾಳಿಯ ಎಚ್ಚರಿಕೆ ಕೊಡುವುದು ಕೌಂಟಿಯ ಹೆಸರು ಹಿಡಿದು. ದಾರಿಹೋಕರಿಗೆ ಊರಿನ ಹೆಸರು ಗೊತ್ತಿರುತ್ತದೆ, ಕೌಂಟಿಯದು ಗೊತ್ತಿರುವುದಿಲ್ಲ. ಬಂದ ಕೂಡಲೇ ಕೌಂಟಿಯ ಹೆಸರು, ಅಕ್ಕಪಕ್ಕದವುಗಳ ಹೆಸರು ಬರೆದು ಫ್ರಿಜ್‌ಗೆ ಅಂಟಿಸಿ. ‘ವಾಚ್’ ಎಂದರೆ ಬರುವ ಸಾಧ್ಯತೆ ಇದೆ ಎಂದು. ‘ವಾರ್ನಿಂಗ್’ ಎಂದರೆ ಕಣ್ಣಿಗೋ ರೇಡಾರಿಗೋ ಬಿದ್ದಿದೆ, ಈಗಲೇ ಏಳಬೇಕು ಎಂದು. ಆರ್‌ವಿ ಯಾವ ಆಸರೆಯನ್ನೂ ಕೊಡುವುದಿಲ್ಲ. ಆಸರೆ ಎಲ್ಲಿ ಎಂದು ಹಗಲಲ್ಲೇ ಕೇಳಿ, ನಡೆದು ನೋಡಿ ಬನ್ನಿ. ಕೆಲವು ಕಡೆ ಪಾರ್ಕಿನ ಕಾಂಕ್ರೀಟ್ ಶೌಚಾಲಯವೇ ಆಸರೆ, ಇನ್ನು ಕೆಲವು ಕಡೆ ಯಾವುದಾದರೂ ಕಟ್ಟಡದ ನೆಲಮಾಳಿಗೆ. 2007ರ ಮೇ 4ರ ರಾತ್ರಿ ಕ್ಯಾನ್ಸಸ್‌ನ ಗ್ರೀನ್ಸ್‌ಬರ್ಗ್ ಎಂಬ ಊರಿನ ಬಹುಭಾಗ ಸುಂಟರಗಾಳಿಗೆ ನೆಲಸಮವಾಯಿತು. ಮುನ್ಸೂಚನೆ ಸಿಕ್ಕು ನೆಲಮಾಳಿಗೆಗೆ ಇಳಿದಿದ್ದವರು ಬಹಳ ಮಂದಿ ಬದುಕಿದರು. ಅನೇಕ ಊರುಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ದಿನವೂ ಸೈರನ್ ಕೂಗುತ್ತದೆ. ಅದು ಬರೀ ಗಂಟೆ ಹೊಡೆದಂತೆ. ಇದನ್ನೂ ಮನೆಯವರಿಗೆ ಮುಂಚೆಯೇ ಹೇಳಿಡಿ.

7. ರೈಲು ಇದ್ದೇ ಇರುತ್ತದೆ

ಈ ಊರುಗಳಲ್ಲಿ ಬಹುಪಾಲು ಹುಟ್ಟಿದ್ದೇ ರೈಲಿನಿಂದ, ಹೀಗಾಗಿ ಹಳಿ ಪಾರ್ಕಿನ ಹತ್ತಿರವೇ. ಪ್ರತಿ ರಸ್ತೆದಾಟಿನಲ್ಲೂ ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದದ ಕೂಗು, ನಡುರಾತ್ರಿಯಲ್ಲೂ. ನಿದ್ದೆ ಸೂಕ್ಷ್ಮವಾಗಿದ್ದರೆ ಹಳಿಯಿಂದ ದೂರದ ಸೈಟು ಹಿಡಿಯಿರಿ, ಕಿವಿಗೆ ಹತ್ತಿ ಇಟ್ಟುಕೊಳ್ಳಿ.

8. ಒಂದು ಹಗಲನ್ನು ಊರಿಗೆ ಕೊಡಿ

ರಾತ್ರಿ ಬಂದು ಬೆಳಿಗ್ಗೆ ಹೊರಟರೆ ಏನೂ ಕಾಣುವುದಿಲ್ಲ. ನೆಬ್ರಾಸ್ಕದ ಗೆರಿಂಗ್‌ನಲ್ಲಿ ಸಿಟಿಯವರೇ ನಡೆಸುವ ರೊಬಿಡೂ ಪಾರ್ಕ್ ಇದೆ. ಅಲ್ಲಿಂದ ಸ್ಕಾಟ್ಸ್ ಬ್ಲಫ್ ಗುಡ್ಡ ಹತ್ತಿರ. ಹತ್ತೊಂಬತ್ತನೆಯ ಶತಮಾನದಲ್ಲಿ ಆರೆಗಾನ್ ಕಡೆಗೆ ಹೊರಟವರ ಗಾಡಿಗಳು ಅದರ ಬುಡದಲ್ಲೇ ಹಾದುಹೋದವು. ಸೌತ್ ಡಕೋಟದ ಮಿಚೆಲ್‌ನಲ್ಲಿ ಊರಿನವರ ಕೆರೆದಂಡೆಯ ಕ್ಯಾಂಪ್‌ಗ್ರೌಂಡಿದೆ. ಮೆಕ್ಕೆಜೋಳದ ತೆನೆಗಳಿಂದಲೇ ಗೋಡೆ ಸಿಂಗರಿಸಿಕೊಳ್ಳುವ ಕಾರ್ನ್ ಪ್ಯಾಲೆಸ್ ಅದೇ ಊರಿನದು. ಹೆಸರಿಲ್ಲದ ಊರಾದರೂ ಲೈಬ್ರರಿಗೆ ಹೋಗಿ, ಅಲ್ಲಿ ತಂಪೂ ಇದೆ, ವೈಫೈಯೂ ಇದೆ. ಊರಾಚೆಯ ಹೊಲಗಳನ್ನೂ ನೋಡಿ. ಕ್ಯಾನ್ಸಸ್‌ನಲ್ಲಿ ಒಮ್ಮೆ ಆಗಸ್ಟ್ ತಿಂಗಳಲ್ಲಿ ಅಪ್ಪ ಹೊಲವೊಂದರ ಬದಿಗೆ ಕಾರು ನಿಲ್ಲಿಸಲು ಹೇಳಿದರು. ನಿಂತಿದ್ದದ್ದು ಜೋಳ, ನಮ್ಮ ಸೀಮೆಯ ಜೋಳದ್ದೇ ಬಳಗ, ಗಿಡ ಮಾತ್ರ ಗಿಡ್ಡ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಅದೇ. ನಾವು ತಂಗಿದ್ದ ಪಾರ್ಕನ್ನು ನೋಡಿಕೊಳ್ಳುವ ಹೋಸ್ಟ್ ಹಿಂದೆ ರೈತರಾಗಿದ್ದವರು. ಜೋಳವನ್ನು ಅವರು ದನಕ್ಕೆ ಹಾಕುತ್ತಿದ್ದರಂತೆ. ಅಮ್ಮ ಅವರಿಗೂ ಅವರ ಹೆಂಡತಿಗೂ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಕೊಟ್ಟರು.

9. ಹೊರಟ ಮೇಲೆ ಒಂದು ಪತ್ರ

ಪಾರ್ಕಿನ ಕರೆಂಟ್ ಬಿಲ್ಲು, ಹುಲ್ಲು ಕತ್ತರಿಸುವ ಖರ್ಚು ಇವೆಲ್ಲ ಸಿಟಿ ಕೌನ್ಸಿಲ್ ಬಜೆಟ್‌ನಲ್ಲಿ ಲೆಕ್ಕಕ್ಕೆ ಬರುತ್ತವೆ. ಹೊರಗಿನವರಿಗಾಗಿ ಇದೆಲ್ಲ ಬೇಕೇ ಎಂದು ಕೇಳುವ ತೆರಿಗೆದಾರರೂ ಇರುತ್ತಾರೆ. ಅವರಿಗೆ ಉತ್ತರ ಕೊಡಲು ಕೌನ್ಸಿಲ್ಲಿನ ಕೈಯಲ್ಲಿ ಏನಾದರೂ ಇರಲಿ ಎಂದು ನಾನು ಸಿಟಿ ಹಾಲಿಗೆ ಒಂದು ಪುಟ ಬರೆದು ಹಾಕುತ್ತೇನೆ: ಎಷ್ಟು ಜನ ಬಂದಿದ್ದೆವು, ಎಷ್ಟು ರಾತ್ರಿ ಇದ್ದೆವು, ಪೆಟ್ರೋಲ್ ಬಂಕಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ, ಕೆಫೆಯಲ್ಲಿ ಎಷ್ಟೆಷ್ಟು ಖರ್ಚು ಮಾಡಿದೆವು. ರಸೀದಿಗಳ ನಕಲನ್ನೂ ಜೊತೆಗಿಡುತ್ತೇನೆ.