ಪ್ರೋಗ್ರಾಮಿನ ಪಾಠಾಂತರಗಳು

ಹಳೆಯ ಕಾವ್ಯವೊಂದರ ಓಲೆಗರಿ ಪ್ರತಿಗಳನ್ನು ಹೋಲಿಸಿದರೆ, ಒಂದರಲ್ಲಿರುವ ಪದವು ಮತ್ತೊಂದರಲ್ಲಿ ಬೇರೆಯಾಗಿರುವುದುಂಟು. ಇವನ್ನು ಪಾಠಾಂತರಗಳೆನ್ನುತ್ತೇವೆ. ಯಾವ ಲಿಪಿಕಾರನು ಎಂದು, ಏತಕ್ಕಾಗಿ ತಿದ್ದಿದನೆಂಬುದು ಪ್ರತಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವವರಿಗೂ ಇದೇ ತೊಡಕು ಎದುರಾಗುತ್ತದೆ.

ಕಾವೇರಿಯ ದಡದ ಕೊಣನೂರಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಮಳೆಯ ಸರಾಸರಿಯನ್ನು ಲೆಕ್ಕಹಾಕುವ ಪ್ರೋಗ್ರಾಮೊಂದನ್ನು ಬರೆಯುತ್ತಿರುವರೆಂದು ಭಾವಿಸೋಣ. ನಾಲ್ಕು ದಿನಗಳಲ್ಲಿ ಮೊದಲೆರಡು ದಿನ 12 ಮತ್ತು 6 ಮಿಲಿಮೀಟರು, ನಾಲ್ಕನೆಯ ದಿನ 18. ಮೂರನೆಯ ದಿನ ಅಳೆಯಲು ಮರೆತರು. ಅಳೆದ ಮೂರು ದಿನಗಳ ಸರಾಸರಿ 12. ಒಬ್ಬನು ಖಾಲಿ ಜಾಗವನ್ನು ಸೊನ್ನೆಯೆಂದು ಎಣಿಸುವಂತೆ ಒಂದೇ ಸಾಲನ್ನು ತಿದ್ದಿದರೆ ಉತ್ತರವು 9 ಆಗುತ್ತದೆ. ಯಂತ್ರವು ನಿಲ್ಲುವುದಿಲ್ಲ, ದೂರುವುದೂ ಇಲ್ಲ. ತಪ್ಪನ್ನೇ ಧೈರ್ಯವಾಗಿ ಹೇಳುತ್ತದೆ. ತಿಂಗಳ ಬಳಿಕ ‘ಕೊನೆಯದು’, ‘ನಿಜವಾಗಿ ಕೊನೆಯದು’ ಎಂಬ ಐದಾರು ಕಡತಗಳಲ್ಲಿ ಆ ಸಾಲನ್ನು ಹುಡುಕುವ ಬಗೆ ಹೇಗೆ?

ಇದಕ್ಕೆ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಸಾಧನವೇ ಗಿಟ್. ಲಿನಕ್ಸ್ ಕರ್ನೆಲ್ಲಿನ ಕೆಲಸಕ್ಕೆಂದು ಲಿನಸ್ ಟೋರ್ವಾಲ್ಡ್ಸರು 2005ರಲ್ಲಿ ಇದನ್ನು ರಚಿಸಿದರು. ಹೊಸ ಕೆಲಸದ ಫೋಲ್ಡರಿನಲ್ಲಿ ‘ಗಿಟ್ ಇನಿಟ್’ ಎಂಬ ಆಜ್ಞೆಯನ್ನು ಕೊಟ್ಟೊಡನೆ ಅಲ್ಲಿ ಕಣ್ಮರೆಯ ಭಂಡಾರವೊಂದು ಹುಟ್ಟುತ್ತದೆ. ‘ಗಿಟ್ ಆಡ್’ ಎಂಬುದು ದಾಖಲಿಸಬೇಕಾದುದನ್ನು ಆರಿಸುತ್ತದೆ. ‘ಗಿಟ್ ಕಮಿಟ್’ ಅದನ್ನು ಬರೆದವನ ಹೆಸರು, ವೇಳೆ, ಕಾರಣಗಳೊಡನೆ ಭಂಡಾರಕ್ಕೆ ಸೇರಿಸುತ್ತದೆ. ಪ್ರತಿಯೊಂದು ದಾಖಲೆಗೂ ಸಾಮಾನ್ಯವಾಗಿ 40 ಅಕ್ಷರಗಳ ಗುರುತೊಂದು ದೊರೆಯುತ್ತದೆ. ಈ ಗುರುತನ್ನು ಆಗಿನ ಕಡತಗಳಿಂದಲೂ ಹಿಂದಿನ ದಾಖಲೆಯ ಗುರುತಿನಿಂದಲೂ ಲೆಕ್ಕಹಾಕಿರುವುದರಿಂದ, ಹಳೆಯದನ್ನು ಗುಟ್ಟಾಗಿ ಬದಲಿಸಿದರೆ ಅದರ ಮುಂದಿನ ಗುರುತುಗಳೆಲ್ಲವೂ ಬದಲಾಗುತ್ತವೆ.

ಕಾರಣವನ್ನು ‘ತಿದ್ದಿದೆ’ ಎಂದಷ್ಟೇ ಬರೆಯುವುದು ಬರೆಯದಿದ್ದಂತೆಯೇ. ‘ಅಳೆಯದ ದಿನವನ್ನು ಸೊನ್ನೆಯೆಂದು ಎಣಿಸಿದೆ’ ಎಂದಿದ್ದರೆ ಗೆಳೆಯನು ಅಂದೇ ಪ್ರಶ್ನಿಸುತ್ತಿದ್ದನು. ತಡವಾದರೂ ಚಿಂತೆಯಿಲ್ಲ, ‘ಗಿಟ್ ಲಾಗ್’ ಈ ಕಾರಣಗಳನ್ನು ಸಾಲಾಗಿ ತೋರಿಸುತ್ತದೆ, ‘ಗಿಟ್ ಡಿಫ್’ ಎರಡು ದಾಖಲೆಗಳಿಗಿರುವ ವ್ಯತ್ಯಾಸವನ್ನು ಸಾಲುಸಾಲಾಗಿ ತೋರಿಸುತ್ತದೆ.

ಎಳೆಯರು ಹೆಚ್ಚಾಗಿ ಎಡವುವುದು ಮೊದಲ ಕಮಿಟ್ಟಿನಲ್ಲಿಯೇ. ಫೋಲ್ಡರಿನಲ್ಲಿರುವುದೆಲ್ಲವನ್ನೂ ಸೇರಿಸುವ ಅವಸರದಲ್ಲಿ ಪಾಸ್‌ವರ್ಡ್ ಇರುವ ಕಡತವೂ ಒಳಹೊಕ್ಕುಬಿಡುತ್ತದೆ. ಮರುದಿನ ಅದನ್ನು ಅಳಿಸಿದರೂ ಹಿಂದಿನ ದಾಖಲೆಯಲ್ಲಿ ಅದು ಉಳಿದೇ ಇರುತ್ತದೆ. ಭಂಡಾರದ ನಕಲನ್ನು ಪಡೆದವರೆಲ್ಲರೂ ಓದಬಹುದು. ಆಗ ಪಾಸ್‌ವರ್ಡನ್ನೇ ಬದಲಿಸದೆ ಗತಿಯಿಲ್ಲ. ಆದುದರಿಂದ, ಸೇರಿಸಬಾರದ ಕಡತಗಳ ಹೆಸರನ್ನು, ಚುಕ್ಕೆಯಿಂದ ಮೊದಲಾಗುವ ‘ಗಿಟ್‌ಇಗ್ನೋರ್’ ಎಂಬ ಪಟ್ಟಿಯಲ್ಲಿ ಮುಂಚೆಯೇ ಬರೆದಿಡಬೇಕು. ಆಗಲೇ ಸೇರಿಹೋದ ಕಡತವನ್ನು ಈ ಪಟ್ಟಿಯು ತಡೆಯಲಾರದು.

ಭಂಡಾರವು ಒಂದೇ ಯಂತ್ರದಲ್ಲಿದ್ದರೆ, ಡಿಸ್ಕ್ ಕೆಟ್ಟ ದಿನ ಇತಿಹಾಸವೂ ಹೋಯಿತು. ಗೆಳೆಯನು ‘ಗಿಟ್ ಕ್ಲೋನ್’ ಮಾಡಿಕೊಂಡಿದ್ದರೆ, ಅಲ್ಲಿಯವರೆಗಿನ ದಾಖಲೆಗಳು ಅವನ ಯಂತ್ರದಲ್ಲಿಯೂ ಇರುತ್ತವೆ.