ಹಾಲು ಬಿಟ್ಟರೆ ಖರ್ಚು ಉಳಿಯುವುದೇ?

ಹಾಲು, ಮೊಸರು, ತುಪ್ಪವನ್ನೂ ಬಿಟ್ಟ ಸಸ್ಯಾಹಾರಕ್ಕೆ ವೀಗನ್ ಆಹಾರ ಎನ್ನುತ್ತಾರೆ. ಇದರಿಂದ ಹಣ ಉಳಿಯುವುದೇ ಎಂದು ಹಲವರು ಕೇಳುತ್ತಾರೆ. ಬನ್ನಿ, ಲೆಕ್ಕ ಹಾಕೋಣ.

ದಿನಕ್ಕೆ ಅರ್ಧ ಲೀಟರ್ ಎಂದರೆ ತಿಂಗಳಿಗೆ 15 ಲೀಟರ್ ಹಾಲು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂ. ಏರಿದಾಗ ಇಂಥ ಮನೆಗೆ ತಿಂಗಳಿಗೆ 60 ರೂ. ಹೊರೆ ಹೆಚ್ಚಿತು. ಹಾಲು ನಿಲ್ಲಿಸಿದರೆ ಹಣ ಉಳಿಯುವುದು ನಿಜ. ಆದರೆ ಅರ್ಧ ಲೀಟರ್ ಹಾಲಿನಿಂದ ಸುಮಾರು 16 ಗ್ರಾಂ ಪ್ರೋಟೀನು, 600 ಮಿ.ಗ್ರಾಂ ಕ್ಯಾಲ್ಸಿಯಂ ದೊರೆಯುತ್ತದೆ. ಇದನ್ನು ತುಂಬಿಕೊಳ್ಳುವುದು ಹೇಗೆ?

* ಪ್ರೋಟೀನು: 30 ಗ್ರಾಂ ಸೋಯಾ ಚಂಕ್ಸ್‌ನಲ್ಲಿ ಸುಮಾರು 15 ಗ್ರಾಂ ಇದೆ. ಹುರುಳಿ, ಕಡಲೆ, ಕಡಲೆಕಾಯಿಯೂ ಒಳ್ಳೆಯವು.
* ಕ್ಯಾಲ್ಸಿಯಂ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇದೆ. ಜೊತೆಗೆ ಸಿಪ್ಪೆ ತೆಗೆಯದ ಎಳ್ಳು, ನುಗ್ಗೆಸೊಪ್ಪು ಬಳಸಿ. ರಾಗಿಯನ್ನು ಮೊಳಕೆ ಕಟ್ಟಿಸಿ ಹಿಟ್ಟು ಮಾಡಿಸಿದರೆ ಕ್ಯಾಲ್ಸಿಯಂ ಮೈಗೆ ಹೆಚ್ಚು ಹತ್ತುತ್ತದೆ.
* ವಿಟಮಿನ್ ಬಿ12: ಸಸ್ಯಾಹಾರದಲ್ಲಿ ಇದು ಹಾಲು, ಮೊಸರಿನಿಂದಲೇ ಸಿಗುತ್ತದೆ. ಹಾಲು ಬಿಟ್ಟವರಿಗೆ ಮಾತ್ರೆ ಬೇಕಾಗುತ್ತದೆ. ಇಲ್ಲವಾದರೆ ರಕ್ತಹೀನತೆ, ಕೈಕಾಲು ಜೋಮು ಬರಬಹುದು.

ದಿನಸಿ ಚೀಟಿಯಲ್ಲಿ ಇವುಗಳ ಬೆಲೆಯನ್ನೂ ಮಾತ್ರೆಯ ಬೆಲೆಯನ್ನೂ ಬರೆದು ಕೂಡಿಸಿ, ಹಾಲಿನ ಲೆಕ್ಕದೊಡನೆ ಹೋಲಿಸಿ. ಪ್ಯಾಕೆಟ್ಟಿನ ಬಾದಾಮಿ ಹಾಲು ಕೊಂಡರಂತೂ ಖರ್ಚು ಏರುವುದೇ ಹೊರತು ಇಳಿಯದು.

ಹಣ ಉಳಿಸಲೆಂದು ಮಕ್ಕಳ, ಗರ್ಭಿಣಿಯರ, ಬಾಣಂತಿಯರ ಹಾಲನ್ನು ನಿಲ್ಲಿಸಬೇಡಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಆಹಾರ ಬದಲಿಸಬಾರದು. ತಟ್ಟೆಯಲ್ಲಿ ಬದಲಿ ಇಡದೆ ಉಳಿಸಿದ ಹಣ ಮುಂದೆ ಔಷಧಕ್ಕೆ ಹೋಗುತ್ತದೆ.