ಹಾಡುವ ರೇಖೆ

ದೊಡ್ಡ ಚಿತ್ರದ ಮುಂದೆ ಜನರು ನಿಲ್ಲುತ್ತಾರೆ; ಸಣ್ಣ ಚಿತ್ರವನ್ನು ನೋಡಬೇಕಾದರೆ ಬಾಗಬೇಕಾಗುತ್ತದೆ. ಅರಮನೆಯ ಗೋಡೆ, ದೇವಾಲಯದ ಮೇಲ್ಛಾವಣಿ, ಸಭಾಭವನದ ಮುಂಭಾಗ ಇವೆಲ್ಲ ದೊಡ್ಡ ಚಿತ್ರಗಳಿಗೆ ಮೀಸಲಾದ ಸ್ಥಾನಗಳು. ಅಂಗೈಯಗಲದ ಕಾಗದದ ಮೇಲೆ ಮೂಡಿದ ಚಿತ್ರವಾದರೋ ಬಹುಕಾಲ ಕೈಯಭ್ಯಾಸವೆಂದೋ, ವಿನೋದವೆಂದೋ, ಮುಂದೆ ಬರೆಯಲಿರುವ ಮಹಾಕೃತಿಯ ಪೂರ್ವಸಿದ್ಧತೆಯೆಂದೋ ಎಣಿಸಲ್ಪಟ್ಟಿತು. ಈ ಎಣಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಅರಿಯಲು ನಮ್ಮ ಕರಾವಳಿಯಲ್ಲಿ ಹುಟ್ಟಿ ಬೆಳೆದ ಒಬ್ಬ ಕಲಾವಿದರ ಸಾಧನೆಯನ್ನು ಪರಿಶೀಲಿಸಬಹುದು. ಅವರೇ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು.

ಹೆಬ್ಬಾರರು 1911ರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದರು. ಬಯಲಾಟದ ಚೆಂಡೆ, ಭೂತದ ಕೋಲ, ಕಂಬಳದ ಗದ್ದೆ, ಕೋಳಿ ಅಂಕದ ಗದ್ದಲ ಇವು ಅಂದಿನ ತುಳುನಾಡಿನ ಯಾವ ಹುಡುಗನಿಗೂ ಅಪರಿಚಿತವಾಗಿರಲಿಲ್ಲ. ಚಿತ್ರಕಲೆಯನ್ನು ಕಲಿಯುವ ಹಂಬಲದಿಂದ ಅವರು ಮುಂಬಯಿಗೆ ಹೋಗಿ, ಅಲ್ಲಿನ ಪ್ರಸಿದ್ಧ ಜೆ. ಜೆ. ಕಲಾಶಾಲೆಯಲ್ಲಿ ಅಭ್ಯಾಸ ಮಾಡಿ 1938ರಲ್ಲಿ ಡಿಪ್ಲೊಮಾ ಪಡೆದರು. 1940ರಿಂದ 1945ರವರೆಗೆ ಅದೇ ಶಾಲೆಯಲ್ಲಿ ಅಧ್ಯಾಪಕರಾಗಿಯೂ ಇದ್ದರು. ಇಷ್ಟಾದ ಮೇಲೆ ಬೇರೊಬ್ಬನಾಗಿದ್ದರೆ ತನ್ನ ಶಿಕ್ಷಣ ಮುಗಿಯಿತೆಂದು ನೆಮ್ಮದಿಯಿಂದ ಇರುತ್ತಿದ್ದನು. ಹೆಬ್ಬಾರರಿಗೆ ನಿಜವಾದ ತೊಡಕು ಎದುರಾದುದು ಆಗಲೇ.

ಆ ಕಾಲದ ಕಲಾಶಾಲೆಗಳಲ್ಲಿ ಪಾಶ್ಚಾತ್ಯ ಪದ್ಧತಿಯ ಶಿಕ್ಷಣ ನಡೆಯುತ್ತಿತ್ತು. ಬೆಳಕು ಒಂದು ಕಡೆಯಿಂದ ಬೀಳಬೇಕು. ನೆರಳು ಇನ್ನೊಂದು ಕಡೆ ಗಾಢವಾಗಬೇಕು. ದೂರದ ವಸ್ತು ಲೆಕ್ಕಕ್ಕೆ ತಕ್ಕಂತೆ ಕಿರಿದಾಗಬೇಕು. ಕುಳ್ಳಿರಿಸಿದ ಮನುಷ್ಯ ಕುಳಿತ ಹಾಗೆಯೇ ಕಾಣಬೇಕು. ಈ ವಿದ್ಯೆಯಲ್ಲಿ ದೋಷವೇನೂ ಇಲ್ಲ. ಆದರೆ ಪರರ ಭಾಷೆಯಲ್ಲಿ ವ್ಯಾಕರಣಶುದ್ಧವಾಗಿ ಮಾತನಾಡಬಲ್ಲವನು ತನ್ನ ತಾಯಿಯೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕು? ಕೈ ಪಳಗಿತ್ತು, ಆದರೆ ಕೈಗೆ ತನ್ನದೇ ಆದ ಮಾತು ಇರಲಿಲ್ಲ. ಹೆಬ್ಬಾರರು ಅಜಂತೆಯ ಭಿತ್ತಿಚಿತ್ರಗಳನ್ನೂ, ರಾಜಪೂತ ಶೈಲಿಯ ಕಿರುಚಿತ್ರಗಳನ್ನೂ, ಜೈನ ಹಸ್ತಪ್ರತಿಗಳ ಚಿತ್ರಗಳನ್ನೂ ಹೊಸ ಕಣ್ಣಿನಿಂದ ನೋಡತೊಡಗಿದರು. ಅಲ್ಲೆಲ್ಲ ನೆರಳಿನ ಭಾರವಿಲ್ಲ. ರೂಪವನ್ನು ಹೊತ್ತು ನಿಲ್ಲುವುದು ರೇಖೆ.

ಜೈನ ಹಸ್ತಪ್ರತಿಗಳ ಮಾತು ಬಂದಾಗ ದಕ್ಷಿಣ ಕನ್ನಡದ ಮೂಡಬಿದಿರೆಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಅಲ್ಲಿನ ಬಸದಿಯ ಭಂಡಾರದಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತಗ್ರಂಥಗಳ ತಾಳೆಗರಿಯ ಪ್ರತಿಗಳಿವೆ. ಅವುಗಳಲ್ಲಿನ ಚಿತ್ರಗಳು 12ನೆಯ ಶತಮಾನದ ಹೊಯ್ಸಳರ ಕಾಲಕ್ಕೆ ಸೇರಿದವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ತಾಳೆಯ ಗರಿಯ ಅಗಲವೆಷ್ಟು? ಕೆಲವು ಬೆರಳು ಮಾತ್ರ. ಅಷ್ಟರೊಳಗೆ ತೀರ್ಥಂಕರರೂ, ಯಕ್ಷಿಯರೂ, ಭಕ್ತರೂ, ಬಳ್ಳಿಗಳೂ ಇಕ್ಕಟ್ಟಿಲ್ಲದೆ ನೆಲೆಸಿರುವರು. ಹಳೇಬೀಡಿನ ಶಿಲ್ಪಿ ಕಲ್ಲಿನಲ್ಲಿ ತೋರಿದ ಸೊಗಸನ್ನು ಹೆಸರು ತಿಳಿಯದ ಆ ಚಿತ್ರಕಾರನು ಗರಿಯ ಮೇಲೆ ತೋರಿದನು. ಈ ಗ್ರಂಥಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದುದರಿಂದ ಚಿತ್ರಗಳ ಬಣ್ಣವೂ ಉಳಿಯಿತು. ನೋಡಿದ ಕಣ್ಣುಗಳೂ ಕಡಿಮೆಯಾದವು. ಲಾಭ ನಷ್ಟಗಳು ಹೀಗೆ ಒಂದೇ ಪೆಟ್ಟಿಗೆಯಲ್ಲಿ ಇರುವುದುಂಟು.

ಹೆಬ್ಬಾರರು 1949–50ರಲ್ಲಿ ಪ್ಯಾರಿಸ್ಸಿಗೆ ಹೋಗಿ ಜೂಲಿಯನ್ ಅಕಾಡೆಮಿಯಲ್ಲಿ ಅಭ್ಯಾಸ ಮಾಡಿದರು. ಅಲ್ಲಿಂದ ಮರಳಿದವರು ಪ್ಯಾರಿಸ್ಸಿನ ಚಿತ್ರಕಾರರ ಪ್ರತಿಬಿಂಬವಾಗಲಿಲ್ಲ ಎಂಬುದೇ ಅವರ ಹೆಚ್ಚುಗಾರಿಕೆ. ಚಲಿಸುವ ದೇಹದ ಲಯವನ್ನು ಹಿಡಿಯಬೇಕೆಂಬ ಬಯಕೆ ಅವರಲ್ಲಿ ಬಲವಾಗಿತ್ತು. ಅದಕ್ಕಾಗಿ ಅವರು ಕೈಗೊಂಡ ಉಪಾಯ ಅಪೂರ್ವವಾದುದು. ನರ್ತಕರನ್ನು ನೋಡಿ ಬರೆದರೆ ಸಾಲದೆಂದು ಬಗೆದು, ಪಂಡಿತ ಸುಂದರಪ್ರಸಾದರ ಬಳಿ ಎರಡು ವರ್ಷ ಕಥಕ್ ನೃತ್ಯವನ್ನೇ ಕಲಿತರು. ವೇದಿಕೆಯ ಮೇಲೆ ಕುಣಿದು ಕೀರ್ತಿ ಪಡೆಯುವುದು ಅವರ ಉದ್ದೇಶವಾಗಿರಲಿಲ್ಲ. ಹೆಜ್ಜೆ ನೆಲವನ್ನು ಮುಟ್ಟುವಾಗ ಭಾರ ಯಾವ ಕಾಲಿಗೆ ಇಳಿಯುತ್ತದೆ, ಸುತ್ತು ತಿರುಗುವಾಗ ಬೆನ್ನು ಯಾವ ಕ್ಷಣದಲ್ಲಿ ಮೊದಲು ಹೊರಳುತ್ತದೆ ಎಂಬುದು ಕಣ್ಣಿಗಿಂತ ಮೊದಲು ಮೈಗೆ ತಿಳಿಯುವ ಸಂಗತಿ. ಮೈಗೆ ತಿಳಿದುದು ಕೈಗೆ ಇಳಿಯಿತು.

ಅವರ ರೇಖಾಚಿತ್ರಗಳನ್ನು ನೋಡಿದವರು ಮೊದಲು ಆಶ್ಚರ್ಯಪಡುವುದು ಗೆರೆಗಳ ಮಿತವ್ಯಯವನ್ನು ಕಂಡು. ನಾಲ್ಕಾರು ಗೆರೆಗಳಲ್ಲಿ ನರ್ತಕಿ ನಿಲ್ಲುತ್ತಾಳೆ. ಮತ್ತೆರಡು ಗೆರೆ ಎಳೆದರೆ ಮದ್ದಳೆಯವನು ಬರುತ್ತಾನೆ. ಇದು ಸುಲಭವೆಂದು ತೋರುವುದು ಸಹಜ. ಆದರೆ ಶಾಯಿಯ ಗೆರೆಯನ್ನು ಅಳಿಸಲು ಬರುವುದಿಲ್ಲ. ಸೀಸದ ಕಡ್ಡಿಯಿಂದ ಬರೆಯುವವನು ಹತ್ತು ಗೆರೆ ಎಳೆದು ಒಂಬತ್ತನ್ನು ಅಳಿಸಬಹುದು. ಶಾಯಿಯಲ್ಲಿ ಬರೆಯುವವನು ಆ ಒಂಬತ್ತನ್ನು ಮನಸ್ಸಿನಲ್ಲಿಯೇ ಅಳಿಸಿ ಹತ್ತನೆಯದನ್ನು ಮಾತ್ರ ಕಾಗದಕ್ಕೆ ಇಳಿಸಬೇಕು. ನರ್ತಕಿ ಕಾದು ನಿಲ್ಲುವವಳಲ್ಲ. ಕಣ್ಣು ಕಾಗದದ ಕಡೆಗೆ ಇಳಿದಷ್ಟು ಹೊತ್ತು ನೃತ್ಯ ಮುಂದೆ ಹೋಗಿರುತ್ತದೆ. ಆದ್ದರಿಂದ ಇಂಥ ಚಿತ್ರವನ್ನು ಬರೆಯುವವರ ದೃಷ್ಟಿ ಹೆಚ್ಚಾಗಿ ವಸ್ತುವಿನ ಮೇಲೆಯೇ ಇರಬೇಕಾಗುತ್ತದೆ. ಕೈ ಕತ್ತಲೆಯಲ್ಲಿ ಮೆಟ್ಟಿಲು ಇಳಿಯುವವನ ಕಾಲಿನಂತೆ ತನ್ನ ದಾರಿಯನ್ನು ತಾನೇ ಅರಿತುಕೊಳ್ಳಬೇಕು. ಒಂದು ದಿನ ಬಿಟ್ಟರೆ ಅದು ದಾರಿ ಮರೆಯುತ್ತದೆ. ಸಂಗೀತಗಾರನಿಗೆ ಸಾಧಕ ಹೇಗೋ ರೇಖೆಯವನಿಗೆ ಇದು ಹಾಗೆ. ಹೆಬ್ಬಾರರ ರೇಖಾಚಿತ್ರಗಳ ಸಂಗ್ರಹವು 1964ರಲ್ಲಿ ಮುಂಬಯಿಯಲ್ಲಿ ಪ್ರಕಟವಾದಾಗ ಅದಕ್ಕೆ ‘ಹಾಡುವ ರೇಖೆ’ ಎಂಬ ಅರ್ಥದ ಇಂಗ್ಲಿಷ್ ಹೆಸರಿಟ್ಟುದು ಯುಕ್ತವಾಗಿಯೇ ಇತ್ತು.

ಹೆಬ್ಬಾರರು ನೃತ್ಯವನ್ನು ಮಾತ್ರ ಬರೆದವರಲ್ಲ. ಹೊಲದ ಕೆಲಸ, ಕಟ್ಟಡದ ಕೂಲಿಗಳು, ಬೆಸ್ತರು, ಭಿಕ್ಷುಕರು, ಕಾದಾಡುವ ಹುಂಜಗಳು ಇವರೆಲ್ಲ ಅವರ ಕಾಗದದ ಮೇಲೆ ಬಂದು ಹೋದರು. ಇಷ್ಟು ಬಗೆಯ ವಸ್ತುಗಳೇಕೆ ಎಂದು ಕೇಳಬಹುದು. ಒಂದೇ ವಸ್ತುವನ್ನು ಮತ್ತೆ ಮತ್ತೆ ಬರೆದರೆ ಕೈಗೆ ಅದು ಬಾಯಿಪಾಠವಾಗುತ್ತದೆ. ನೂರನೆಯ ಹುಂಜವನ್ನು ಬರೆಯುವಾಗ ಕಣ್ಣು ಹುಂಜವನ್ನು ನೋಡುವುದೇ ಇಲ್ಲ. ಕೈ ತೊಂಬತ್ತೊಂಬತ್ತನೆಯ ಚಿತ್ರವನ್ನು ನಕಲು ಮಾಡುತ್ತದೆ. ಹುಂಜವನ್ನು ಬರೆದ ಮರುದಿನ ಹೆಡಗೆ ಹೊತ್ತ ಹೆಂಗಸನ್ನು ಬರೆಯಬೇಕಾಗಿ ಬಂದರೆ ಕೈಯ ಜಾಣತನ ನಡೆಯದು. ಮತ್ತೆ ಮೊದಲಿನಿಂದ ನೋಡಬೇಕು.

ಜಪಾನಿನ ಹೊಕುಸಾಯ್ ಎಂಬ ಚಿತ್ರಕಾರನ (1760–1849) ಇಂಥ ಕಿರುಚಿತ್ರಗಳ ಸಂಗ್ರಹ 1814ರಿಂದ ಪ್ರಕಟವಾಗತೊಡಗಿ, ಅವನ ಮರಣದ ಅನಂತರವೂ ಮುಂದುವರಿದು, ಹದಿನೈದು ಸಂಪುಟಗಳಾಯಿತು. ಮೀನು, ಮಳೆ, ಕುಸ್ತಿಯ ಪಟು, ದೆವ್ವ, ಸೇತುವೆ, ಸ್ನಾನ ಮಾಡುವ ಮುದುಕ ಹೀಗೆ ಅದರಲ್ಲಿ ಇಲ್ಲದ ವಸ್ತುವನ್ನು ಹುಡುಕುವುದೇ ಕಷ್ಟ. ನಮ್ಮ ದೇಶದಲ್ಲಿ ಶಾಂತಿನಿಕೇತನದ ನಂದಲಾಲ ಬಸು ಅವರು ಅಂಚೆಯ ಕಾರ್ಡುಗಳ ಮೇಲೆ ಕಂಡುದನ್ನೆಲ್ಲ ಬರೆದು ಶಿಷ್ಯರಿಗೂ ಮಿತ್ರರಿಗೂ ಕಳುಹಿಸುತ್ತಿದ್ದರು. ಸಂತಾಲರ ಗುಡಿಸಲು, ಆಡು, ತಾಳೆಯ ಮರ ಇವು ಅಂಚೆಯವನ ಚೀಲದಲ್ಲಿ ಊರೂರಿಗೆ ಪ್ರಯಾಣ ಮಾಡಿದವು. ಚಿತ್ರಕ್ಕೆ ಇದಕ್ಕಿಂತ ವಿನಯವಾದ ಚೌಕಟ್ಟು ಬೇರೆ ಇರಲಾರದು.

ಚಿತ್ರಕ್ಕೆ ವಸ್ತು ದೂರದಲ್ಲಿ ಇರಬೇಕೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಡ್ರಾಯಿಂಗ್ ಪುಸ್ತಕದಲ್ಲಿ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ, ದಡದಲ್ಲಿ ತೆಂಗಿನ ಮರ. ಬಯಲುಸೀಮೆಯ ಹುಡುಗನೂ ಇದನ್ನೇ ಬರೆಯುತ್ತಾನೆ, ಮಲೆನಾಡಿನ ಹುಡುಗಿಯೂ ಇದನ್ನೇ ಬರೆಯುತ್ತಾಳೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಉಪ್ಪಿನಂಗಡಿಗೂ ಶಿರಾಡಿ ಘಾಟಿಗೂ ನಡುವೆ, ನೆಲ್ಯಾಡಿ ಎಂಬ ಊರು ಇದೆ. ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದು ಈಗ ಕಡಬ ತಾಲ್ಲೂಕಿನಲ್ಲಿದೆ. ಅಲ್ಲಿ ಒಂದು ವಾರ ಕಣ್ಣು ತೆರೆದು ಕುಳಿತವನಿಗೆ ಎಷ್ಟು ಕಾಗದ ಬೇಕಾದೀತು? ಬೆಳಕು ಹರಿಯುವ ಮುನ್ನ ರಬ್ಬರ್ ತೋಟದಲ್ಲಿ ಮರದ ತೊಗಟೆಯನ್ನು ಓರೆಯಾಗಿ ಕೆತ್ತುವ ಕೂಲಿ. ಹಾಲನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ, ಒಗೆದ ಬಟ್ಟೆಯಂತೆ ಸಾಲಾಗಿ ನೇತುಹಾಕಿದ ಹಾಳೆಗಳು. ಅಂಗಳದ ತುಂಬ ಒಣಗುವ ಅಡಿಕೆ, ಅದರ ನಡುವೆ ಕಾಲಿನಿಂದ ಸಾಲು ಬಿಡಿಸುತ್ತ ನಡೆಯುವ ಅಜ್ಜಿ. ಘಾಟಿ ಏರುವ ಮುನ್ನ ಚಹಾ ಕುಡಿಯಲು ನಿಂತ ಲಾರಿಯವರು.

ಕಾಲಿಗೆ ತಳೆ ಹಾಕಿ ಅಡಿಕೆಯ ಮರವೇರಿ, ತುದಿಯಲ್ಲಿ ಮರವನ್ನು ತೂಗಿ ಪಕ್ಕದ ಮರಕ್ಕೆ ದಾಟುವ ಕೊಯ್ಲಿನವನನ್ನು ಬರೆಯುವುದು ಕಥಕ್ ನರ್ತಕಿಯನ್ನು ಬರೆಯುವುದಕ್ಕಿಂತ ಸುಲಭವಲ್ಲ. ಆ ಒಂದು ಕ್ಷಣ ಅವನ ಭಾರ ಎರಡು ಮರಗಳಿಗೂ ಸೇರಿರುವುದಿಲ್ಲ. ಇಂದು ನೆಲದ ಮೇಲೆ ನಿಂತೇ ಕೊಯ್ಯುವ ಉದ್ದನೆಯ ಫೈಬರ್ ದೋಟಿಗಳು ಬಂದಿವೆ. ಮರವೇರಬಲ್ಲವರ ಸಂಖ್ಯೆ ಕಡಿಮೆಯಾಗುತ್ತಿದೆ. ಪ್ರಾಣಾಪಾಯ ತಪ್ಪಿತೆಂದು ಸಂತೋಷಪಡಬೇಕಾದುದೇ. ಆದರೂ ಆ ಭಂಗಿಯನ್ನು ಕಣ್ಣಾರೆ ಕಂಡು ಯಾರಾದರೂ ಗೆರೆಯಲ್ಲಿ ಹಿಡಿದಿಡದಿದ್ದರೆ ಮುಂದಿನವರಿಗೆ ಅದು ಮಾತಿನಲ್ಲಿ ಹೇಳಿ ತಿಳಿಸುವಂಥದಲ್ಲ. ಹೆದ್ದಾರಿ ಅಗಲವಾದಾಗ ರಸ್ತೆಬದಿಯ ಹಳೆಯ ಮರಗಳು ಹೋದವು. ಅವುಗಳ ನೆರಳು ಎಲ್ಲಿ ಬೀಳುತ್ತಿತ್ತು ಎಂಬುದು ಹಾಗೆಯೇ ಮರೆತುಹೋಗುವ ವಿಷಯ. ಛಾಯಾಚಿತ್ರ ಇಲ್ಲವೇ ಎಂದರೆ, ಇದೆ; ಅದು ಎದುರಿಗಿದ್ದುದನ್ನೆಲ್ಲ ಒಂದೇ ಸಮನೆ ಹಿಡಿಯುತ್ತದೆ. ಯಾವುದನ್ನು ಬಿಡಬೇಕೆಂದು ಗೆರೆ ಎಳೆಯುವವನು ಅಲ್ಲಿಯೇ, ಆಗಲೇ ತೀರ್ಮಾನಿಸಬೇಕಾಗುತ್ತದೆ. (ಆ ಸೀಮೆಯ ಮಳೆಗಾಲದಲ್ಲಿ ಜಲವರ್ಣ ಬಳಸುವವನಿಗೆ ಬೇರೊಂದು ಕಷ್ಟವೂ ಉಂಟು. ಕಾಗದ ತೇವವನ್ನು ಹೀರಿ ಬಣ್ಣ ಒಣಗುವುದೇ ಇಲ್ಲ. ಅಂಟು ಬೆರೆತ ಬಣ್ಣದ ಬಿಲ್ಲೆಗಳ ಮೇಲೆ ಬೂಷ್ಟು ಹಿಡಿಯುತ್ತದೆ. ಶಾಯಿಯ ಲೇಖನಿಯೇ ಆಗ ಗತಿ.)

ಕಂಡುದನ್ನೆಲ್ಲ ಬರೆಯುವುದು ಚಪಲವಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ವಿರುದ್ಧವಾದ ದಾರಿಯಲ್ಲಿ ನಡೆದು ಮಹತ್ತನ್ನು ಸಾಧಿಸಿದವರು ಕರ್ನಾಟಕದಲ್ಲಿಯೇ ಇದ್ದರು. ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು, ನಂದಲಾಲರ ಸಹಪಾಠಿಗಳು. ಉದಕಮಂಡಲದ ಬೆಟ್ಟಗಳನ್ನು ಅವರು ಜಲವರ್ಣದಲ್ಲಿ ಚಿತ್ರಿಸಿದ ಸರಣಿ ಪ್ರಸಿದ್ಧವಾಗಿದೆ. ಅದೇ ಬೆಟ್ಟ, ಅದೇ ಕಣಿವೆ. ಮಂಜು ಬೇರೆ, ಹೊತ್ತು ಬೇರೆ. ಚಿತ್ರಕ್ಕೆ ಸಮವಾಗಿ ವೀಣೆಯನ್ನೂ ವೀಣೆ ಶೇಷಣ್ಣನವರಲ್ಲಿ ಕಲಿತ ಆ ಸಾಧಕರಿಗೆ ಒಂದೇ ರಾಗವನ್ನು ಬಹುಕಾಲ ವಿಸ್ತರಿಸುವ ತಾಳ್ಮೆ ಇದ್ದುದು ಸಹಜವೇ. ಅವರ ದಾರಿ ಎಲ್ಲರಿಗೂ ಒಗ್ಗುವುದಲ್ಲ. ಅಷ್ಟು ಹೊತ್ತು ಒಂದೇ ಬೆಟ್ಟದ ಮುಂದೆ ಕುಳಿತಿರಬಲ್ಲವನು ವಿರಳ. ಕಲಿಯುವವನಿಗೆ ಹೆಬ್ಬಾರರ ದಾರಿಯೇ ಹೆಚ್ಚು ಉದಾರವಾದುದು.

ಕಿರುಚಿತ್ರಗಳ ಸಂಗಡವೇ ಹೆಬ್ಬಾರರು ಬೃಹತ್ತಾದ ತೈಲಚಿತ್ರಗಳನ್ನೂ ರಚಿಸಿದರು. ಹಸಿವಿನ ಸಂಕಟ ಅವರ ವಸ್ತುವಾಯಿತು. ಮುಂದೆ ಆಕಾಶ, ಚಂದ್ರ ಇವೂ ಬಂದವು. ಅಲ್ಲಿ ಬಣ್ಣ ದಪ್ಪವಾಗಿದೆ, ರೂಪಗಳು ಕರಗಿವೆ. ಆದರೂ ಬಣ್ಣದ ರಾಶಿಯೊಳಗೆ ತಟ್ಟನೆ ಒಂದು ಬಾಗು, ಒಂದು ತಿರುವು ಕಾಣಿಸುತ್ತದೆ. ಕಾಗದದ ಮೇಲೆ ಕುಣಿದ ಗೆರೆಯ ಗುರುತು ಅದು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 1996ರಲ್ಲಿ ಅವರು ಮುಂಬಯಿಯಲ್ಲಿ ನಿಧನ ಹೊಂದಿದರು.

ಹೆಬ್ಬಾರರು ತಮ್ಮ ಕೃತಿಗಳಲ್ಲಿ ಕೆಲವನ್ನು ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ವೆಂಕಟಪ್ಪ ಚಿತ್ರಶಾಲೆಗೆ ನೀಡಿದರು. ಒಂದೇ ಬೆಟ್ಟವನ್ನು ಕಾದು ಕುಳಿತವರ ಹೆಸರಿನ ಆ ಮನೆಯಲ್ಲಿಯೇ, ಕಂಡುದನ್ನೆಲ್ಲ ಬರೆದವರ ಚಿತ್ರಗಳಿಗೂ ಗೋಡೆ ದೊರೆಯಿತು.